ಸರ್ಜನ್ ಸಂಕಟವೂ ನನ್ನಲ್ಲಿ, ಅವರ ರೋಗಿಯ ಭಯವೂ ನನ್ನಲ್ಲಿ

ಪ್ರಶ್ನೆ: ನಾನು ದೊಡ್ಡ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಶಸ್ತ್ರಚಿಕಿತ್ಸೆಗೆ ಬಂದವರ ಆತಂಕ ಕೇಳಿಸಿಕೊಳ್ಳುವುದು ನನ್ನ ಕೆಲಸ. ಆಸ್ಪತ್ರೆಯ ಸಿಬ್ಬಂದಿ ಕಷ್ಟ ಹೇಳಿಕೊಳ್ಳಲು ಬರುವುದೂ ನನ್ನ ಬಳಿಗೇ. ಕೆಲವು ವಾರಗಳಿಂದ ಒಬ್ಬ ಸರ್ಜನ್ ಬರುತ್ತಿದ್ದಾರೆ. ಅವರ ರೋಗಿಯೊಬ್ಬರು ಆಪರೇಷನ್ ಟೇಬಲ್ ಮೇಲೆಯೇ ತೀರಿಕೊಂಡರು. ಅಂದಿನಿಂದ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಅದೇ ರಕ್ತಸ್ರಾವ ಎನ್ನುತ್ತಾರೆ. ಮೊನ್ನೆ, ಅವರಿಂದಲೇ ಆಪರೇಷನ್ ಆಗಬೇಕಿರುವ ಮಹಿಳೆಯೊಬ್ಬರು ನನ್ನ ಕೈ ಹಿಡಿದು, 'ನೀವು ಇಲ್ಲೇ ಇರ್ತೀರಲ್ಲ, ಈ ಡಾಕ್ಟರ ಕೈಗುಣ ಹೇಗೆ? ನಿಜ ಹೇಳಿ' ಎಂದರು. 'ತುಂಬಾ ಚೆನ್ನಾಗಿದೆ, ಧೈರ್ಯವಾಗಿರಿ' ಎಂದುಬಿಟ್ಟೆ. ಅಂದಿನಿಂದ ನನಗೂ ನಿದ್ದೆ ಬರುತ್ತಿಲ್ಲ. ನಾನು ಹೇಳಿದ್ದು ಸುಳ್ಳಾ? ಯಾರಿಗಾದರೂ ತಿಳಿಸಬೇಕಾ? ಸುಮ್ಮನಿದ್ದು ನಾಳೆ ಏನಾದರೂ ಆದರೆ?

ಉತ್ತರ: ನೀವು ಹೇಳಿದ್ದನ್ನು ಸುಳ್ಳು ಎನ್ನಲಾರೆ. ಆದರೆ ಅದು ನೀವು ಕೊಡಬಾರದಾಗಿದ್ದ ಭರವಸೆ. ಸರ್ಜನ್ ಒಬ್ಬರ ಕೌಶಲಕ್ಕೆ ಜಾಮೀನು ನಿಲ್ಲುವ ಅಧಿಕಾರ ನಮಗಿಲ್ಲ. ಅವರು ನಿಮ್ಮ ಬಳಿ ಬರದೇ ಇದ್ದಿದ್ದರೂ ಇಲ್ಲ. ಹಾಗಾಗಿ ಆ ಮಾತನ್ನು ಸರಿಪಡಿಸಲು ಅವರ ವಿಷಯ ತೆಗೆಯಬೇಕಾಗಿಲ್ಲ, ನಿಮ್ಮ ಪಾತ್ರವೇನೆಂದು ಸ್ಪಷ್ಟಪಡಿಸಿದರೆ ಸಾಕು.

ಆದರೆ ಆ ಮಹಿಳೆಗಿಂತ ಮೊದಲು ಹೋಗಬೇಕಾದದ್ದು ಸರ್ಜನ್ ಬಳಿಗೆ, ಅದೂ ಈ ವಾರದಲ್ಲೇ. ನಿಮ್ಮ ಪತ್ರದಲ್ಲಿ ಅವರ ಸಂಕಟವಿದೆ, ಆದರೆ ಅವರು ಈಗ ಆಪರೇಷನ್ ಥಿಯೇಟರಿನಲ್ಲಿ ಹೇಗಿದ್ದಾರೆ ಎಂಬುದಿಲ್ಲ. ನಿರ್ಧಾರವೆಲ್ಲ ನಿಂತಿರುವುದು ಅದರ ಮೇಲೆ. ರೋಗಿಯ ಸಾವಿನ ನಂತರ ನಿದ್ದೆಗೆಡುವುದು, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರುವುದು, 'ಆ ಒಂದು ನಿಮಿಷ ಬೇರೆ ರೀತಿ ಮಾಡಿದ್ದರೆ' ಎಂದು ತನ್ನನ್ನೇ ಹಳಿದುಕೊಳ್ಳುವುದು ವೈದ್ಯರಲ್ಲಿ ಅಪರೂಪವೇನಲ್ಲ. ಚಿಕಿತ್ಸೆಯಲ್ಲಿ ತಪ್ಪಾದಾಗ ವೈದ್ಯರೂ ಹೀಗೆ ಜರ್ಜರಿತರಾಗುವುದನ್ನು ಕಂಡ ಅಮೆರಿಕದ ವೈದ್ಯ ಆಲ್ಬರ್ಟ್ ವೂ, 2000ರಲ್ಲಿ ಅವರನ್ನು 'ಎರಡನೇ ಬಲಿಪಶು' ಎಂದು ಕರೆದರು. ತಪ್ಪೇ ಇಲ್ಲದೆ ರೋಗಿ ಹೋದಾಗಲೂ ಪಾಡು ಅದೇ. ಈ ಹೆಸರಿಗೆ ಆಕ್ಷೇಪ ಎತ್ತಿದವರಿದ್ದಾರೆ; ಮನೆಯವರನ್ನು ಕಳೆದುಕೊಂಡವರ ನೋವಿನ ಎದುರು ವೈದ್ಯರನ್ನು ಬಲಿಪಶು ಎನ್ನುವುದು ಸರಿಯಲ್ಲ ಎಂಬುದು ಅವರ ವಾದ. ನನಗೆ ಆ ಆಕ್ಷೇಪ ನ್ಯಾಯವಾಗಿಯೇ ಕಾಣುತ್ತದೆ. ಹೆಸರು ಏನೇ ಇರಲಿ, ಆ ಸಂಕಟವಂತೂ ನಿಜ. ನಿದ್ದೆಯಿಲ್ಲದ ಸರ್ಜನ್ ಎಂದರೆ ಅಪಾಯಕಾರಿ ಸರ್ಜನ್ ಎಂದು ತಕ್ಷಣ ತೀರ್ಮಾನಿಸಬೇಡಿ. ನಿದ್ದೆಗೇಡು ಏನೂ ಅಲ್ಲ ಎಂದು ತಳ್ಳಿಹಾಕಲೂ ಬೇಡಿ.

ಹಾಗಾಗಿ ನೇರವಾಗಿ ಕೇಳಿ. 'ಕಳೆದ ಆಪರೇಷನ್‌ನಲ್ಲಿ ರಕ್ತ ಚಿಮ್ಮಿದಾಗ ಏನಾಯಿತು? ಕೈ ಒಂದು ಕ್ಷಣವಾದರೂ ನಿಂತಿತಾ? ಜೊತೆಯಲ್ಲಿದ್ದವರು ಏನಾದರೂ ಅಂದರಾ? ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ? ಮಲಗಲು ಮಾತ್ರೆ, ಮದ್ಯ ಏನಾದರೂ ತಗೊಂಡಿರಾ? ಕಷ್ಟದ ಕೇಸುಗಳನ್ನು ಮುಂದಕ್ಕೆ ತಳ್ಳುತ್ತಿದ್ದೀರಾ?' ಹೀಗೆ ಒಂದೊಂದಾಗಿ ಕೇಳಿ, ಉತ್ತರಕ್ಕೆ ಕಾಯಿರಿ. 'ಎಲ್ಲಾ ಓಕೆ' ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ. 'ಬದುಕೇ ಬೇಡ ಅನ್ನಿಸಿದೆಯಾ?' ಎಂದೂ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟಿಕೊಳ್ಳುವುದಿಲ್ಲ. ಎಷ್ಟೋ ಸಲ ಕೇಳಿದವರೊಬ್ಬರು ಸಿಕ್ಕರಲ್ಲ ಎಂದೇ ಮನಸ್ಸು ಹಗುರಾಗುತ್ತದೆ.

ಉತ್ತರಗಳಲ್ಲಿ ಅಪಾಯ ಕಂಡರೆ ತಕ್ಷಣ ಮೇಲಿನವರ ಬಳಿ ಓಡಬೇಡಿ. ಸರ್ಜನ್ ಅವರೇ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡುವಂತೆ ಮಾಡಿ. ಕೆಲವು ದಿನ ಆಪರೇಷನ್ ಪಟ್ಟಿ ಹಗುರ ಮಾಡಿಸಿಕೊಳ್ಳುವುದು, ದೊಡ್ಡ ಕೇಸಿಗೆ ಹಿರಿಯ ಸಹೋದ್ಯೋಗಿಯನ್ನು ಜೊತೆಗೆ ನಿಲ್ಲಿಸಿಕೊಳ್ಳುವುದು ಶಿಕ್ಷೆಯಲ್ಲ, ಜವಾಬ್ದಾರಿಯ ಲಕ್ಷಣ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಏಕೆಂದರೆ ಅವರಿಗೆ ಅದು ಸೋಲಿನಂತೆ ಕಾಣುತ್ತಿರುತ್ತದೆ. ಬೇಕಿದ್ದರೆ ಆ ಮಾತುಕತೆಗೆ ನೀವೂ ಜೊತೆಗೆ ಕೂರಬಹುದು. ಆದರೆ ಗಡುವು ಇರಲಿ: ಮುಂದಿನ ಆಪರೇಷನ್‌ಗೆ ಮೊದಲು. ಅವರು ಒಪ್ಪದೇ ಹೋದರೆ, ಅಪಾಯವೂ ಸ್ಪಷ್ಟವಾಗಿದ್ದರೆ, ಆಗ ಮಾತ್ರ ಗೋಪ್ಯತೆ ಮುರಿಯುವ ಪ್ರಶ್ನೆ. ನಿಮ್ಮ ವೃತ್ತಿಸಂಹಿತೆ ಏನು ಹೇಳುತ್ತದೆ ಎಂದು ನಿಮ್ಮ ಕೆಲಸಕ್ಕೆ ಮಾರ್ಗದರ್ಶನ ನೀಡುವ ಮೇಲ್ವಿಚಾರಕರ ಜೊತೆ ಕೂತು ನೋಡಿ, ಸರ್ಜನ್‌ಗೆ ಮೊದಲೇ ತಿಳಿಸಿ, ಎಷ್ಟು ಬೇಕೋ ಅಷ್ಟನ್ನೇ ಹೇಳಿ. ಅವರ ಬೆನ್ನ ಹಿಂದೆ ಒಂದು ಮಾತೂ ಬೇಡ. ಒಬ್ಬ ವೈದ್ಯರ ಗುಟ್ಟು ರಟ್ಟಾಯಿತು ಎಂದು ಗೊತ್ತಾದರೆ ಉಳಿದವರು ನಿಮ್ಮ ಬಾಗಿಲು ತಟ್ಟುವುದನ್ನೇ ಬಿಡುತ್ತಾರೆ. ಅದರ ಬೆಲೆ ತೆರುವುದು ಮುಂದಿನ ರೋಗಿಗಳು.

ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. ಘಟನೆ ನಡೆದ ಬೆನ್ನಲ್ಲೇ ಎಲ್ಲರನ್ನೂ ಕೂರಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸಿಬಿಡುವ 'ಡಿಬ್ರೀಫಿಂಗ್' ಪದ್ಧತಿ ಆಘಾತದ ನಂತರದ ಒತ್ತಡ ಕಾಯಿಲೆಯನ್ನು ತಡೆಯುವುದಿಲ್ಲ ಎಂಬುದು ಸಂಶೋಧನೆಗಳಿಂದ ಗೊತ್ತಾಗಿದೆ. ನಿಮ್ಮ ಆಡಳಿತದವರು ಅದನ್ನೇ ಕೇಳಿದರೆ ನಯವಾಗಿ ಬೇಡವೆನ್ನಿ. ಈ ಸರ್ಜನ್‌ಗೆ ಒಂದು ತಿಂಗಳು ದಾಟಿದರೂ ದೃಶ್ಯಗಳು ಮರುಕಳಿಸುತ್ತಲೇ ಇದ್ದರೆ ಬರೀ ಸಾಂತ್ವನ ಸಾಲದು. ಸರಿಯಾದ ಮೌಲ್ಯಮಾಪನ, ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ವರ್ತನೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪನ್ನು ನಿಭಾಯಿಸುವ ಚಿಕಿತ್ಸೆ) ಬೇಕಾಗಬಹುದು.

ಇನ್ನು ಆ ಮಹಿಳೆ. ಅವರನ್ನು ಮತ್ತೆ ಭೇಟಿಯಾಗಿ, 'ಅವತ್ತು ನೀವು ಡಾಕ್ಟರ ಬಗ್ಗೆ ಕೇಳಿದಿರಿ, ನಾನು ಅವಸರದಲ್ಲಿ ಉತ್ತರ ಕೊಟ್ಟೆ. ಯಾವ ಡಾಕ್ಟರ ಬಗ್ಗೆಯೂ ಹಾಗೆ ಹೇಳುವುದು ನನ್ನ ಕೆಲಸವಲ್ಲ. ನಿಮಗೆ ಗೊತ್ತಾಗಬೇಕಿರುವುದನ್ನು ಅವರನ್ನೇ ಕೇಳಲು ನಾನು ಸಹಾಯ ಮಾಡ್ತೀನಿ' ಎನ್ನಿ. ದನಿಯಲ್ಲಿ ಅಳುಕು ಬೇಡ. ರೋಗಿಗಳು ನಮ್ಮ ಮೌನವನ್ನೂ ಓದುತ್ತಾರೆ. ಆಮೇಲೆ ಒಂದು ಹಾಳೆ ತೆಗೆದು ಇಬ್ಬರೂ ಸೇರಿ ಬರೆಯಿರಿ: ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಜೊತೆಗೆ ಯಾರಿರುತ್ತಾರೆ, ನನ್ನಂಥವರಿಗೆ ಇದರಲ್ಲಿರುವ ಅಪಾಯವೇನು, ಆಪರೇಷನ್ ಮಾಡದಿದ್ದರೆ ಏನಾಗುತ್ತದೆ, ಎಚ್ಚರವಾದಾಗ ಮೈಮೇಲೆ ಯಾವ ಯಾವ ಕೊಳವೆ ಇರುತ್ತವೆ. ಬೇರೆ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು ಯಾವ ರೋಗಿಗೂ ಇದೆ. ಅದನ್ನೂ ಎಲ್ಲರಿಗೂ ಹೇಳುವ ಹಾಗೆಯೇ ಹೇಳಿ, ಅವರೊಬ್ಬರಿಗೇ ಸೂಚನೆ ಕೊಟ್ಟಂತೆ ಅಲ್ಲ.

ಇಂಥ ತಯಾರಿಯನ್ನು ಸಣ್ಣದೆಂದುಕೊಳ್ಳಬೇಡಿ. 1964ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎಗ್‌ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅರಿವಳಿಕೆ ತಜ್ಞರು, ಆಪರೇಷನ್ ಆದ ಮೇಲೆ ನೋವು ಎಲ್ಲಿ ಬರುತ್ತದೆ, ಎಷ್ಟಿರುತ್ತದೆ, ಸ್ನಾಯು ಸಡಿಲಿಸಿ ಹೇಗೆ ಉಸಿರಾಡಬೇಕು, ಹಾಸಿಗೆಯಲ್ಲಿ ಹೇಗೆ ಹೊರಳಬೇಕು ಎಂದು ಮೊದಲೇ ವಿವರಿಸಿದರು. ಆ ಗುಂಪಿಗೆ ಬೇಕಾದ ಮಾದಕ ನೋವುನಿವಾರಕ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ನೋವೇ ಇರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇದಾದ ಮೇಲೆ ಆ ಮಹಿಳೆಯನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ, ಕಾರಣ ಬಿಡಿಸಿ ಹೇಳದೆಯೇ. ಸರ್ಜನ್ ಮತ್ತು ಅವರದೇ ರೋಗಿ ಇಬ್ಬರ ಪಕ್ಕದಲ್ಲೂ ಒಂದೇ ಸಮಯಕ್ಕೆ ಕೂತರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ನೀವೊಬ್ಬರೇ ಇರುವುದಾದರೆ, ಸಿಬ್ಬಂದಿಗೆ ಹೊರಗಿನ ಸಮಾಲೋಚಕರನ್ನು ಗೊತ್ತುಮಾಡಿ ಎಂದು ಲಿಖಿತವಾಗಿ ಕೇಳಿ. ಯಾವುದು ಗೋಪ್ಯ, ಯಾವಾಗ ಅಲ್ಲ ಎಂಬುದನ್ನು ಇನ್ನು ಮುಂದೆ ಸಿಬ್ಬಂದಿಗೆ ಮೊದಲ ಭೇಟಿಯಲ್ಲೇ ಹೇಳಿ. ಎಷ್ಟು ಜನ ಬಂದರು ಎಂಬ ಲೆಕ್ಕ ಆಡಳಿತಕ್ಕೆ ಹೋಗಲಿ, ಹೆಸರು ಬೇಡ.

ನಿಮ್ಮ ನಿದ್ದೆಯ ವಿಷಯ ನನಗೆ ಇವೆಲ್ಲಕ್ಕಿಂತ ಕಡಿಮೆಯದಲ್ಲ. ಥಿಯೇಟರಿನಲ್ಲಿ ನಾಳೆ ಏನಾಗುತ್ತದೆ ಎಂಬುದರ ಪೂರ್ತಿ ಹೊಣೆಯನ್ನು ನೀವೊಬ್ಬರೇ ಹೊತ್ತುಕೊಂಡಿದ್ದೀರಿ. ಅಲ್ಲಿ ಅರಿವಳಿಕೆ ತಜ್ಞರಿದ್ದಾರೆ, ನರ್ಸ್‌ಗಳಿದ್ದಾರೆ, ವಿಭಾಗದ ಮುಖ್ಯಸ್ಥರಿದ್ದಾರೆ. ಸರಿಯಾದ ಪ್ರಶ್ನೆ ಕೇಳುವುದು, ಉತ್ತರ ಸಿಕ್ಕ ಮೇಲೆ ಕೈಕಟ್ಟಿ ಕೂರದಿರುವುದು ನಿಮ್ಮ ಪಾಲಿನ ಕೆಲಸ. ಸರ್ಜನ್ ಅವರನ್ನು ಕಾಣುವ ಮೊದಲೇ ನಿಮ್ಮ ಮೇಲ್ವಿಚಾರಕರಿಗೆ ಫೋನ್ ಮಾಡಿ, ಯಾರ ಹೆಸರನ್ನೂ ಎತ್ತದೆ ಇಡೀ ವಿಷಯ ಹೇಳಿಕೊಳ್ಳಿ. ಮೇಲ್ವಿಚಾರಕರೇ ಇಲ್ಲವೆಂದಾದರೆ, ಆಸ್ಪತ್ರೆಯ ಹೊರಗಿನ ಹಿರಿಯ ಸೈಕಾಲಜಿಸ್ಟ್ ಒಬ್ಬರನ್ನು ಇವತ್ತೇ ಹುಡುಕಿಕೊಳ್ಳಿ.