ವೆರ್ನಾತ್ಸಾ: ರೈಲು, ಕಾಲುದಾರಿ, ಊಟ

ಪ್ರಶ್ನೆ: ಇಟಲಿಯ ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ನಾವು ವೆರ್ನಾತ್ಸಾವನ್ನು ಆರಿಸಿಕೊಂಡಿದ್ದೇವೆ. ಜೊತೆಗೆ 68 ವರ್ಷದ ಅಮ್ಮ ಇರುತ್ತಾರೆ. ಕಾರು ಬಾಡಿಗೆಗೆ ಹಿಡಿದರೆ ಒಳ್ಳೆಯದೇ?
– ಓದುಗರು, ದಾವಣಗೆರೆ

ಉತ್ತರ: ಕಾರು ಖಂಡಿತ ಬೇಡ. ಗುಡ್ಡದ ರಸ್ತೆ ಇಕ್ಕಟ್ಟು, ಪ್ರವಾಸಿಗರ ವಾಹನಗಳನ್ನು ಊರೊಳಗೆ ಬಿಡುವುದಿಲ್ಲ. ಹತ್ತಿರದ ನಗರ ಲಾ ಸ್ಪೆತ್ಸಿಯಾದಲ್ಲಿ ಲೆವಾಂತೊ ಕಡೆಗೆ ಹೊರಡುವ ಲೋಕಲ್ ರೈಲು ಹತ್ತಿ. ರಿಯೊಮಜ್ಜೋರೆ, ಮನರೋಲಾ, ಕೊರ್ನಿಲ್ಯಾ ದಾಟಿದರೆ ವೆರ್ನಾತ್ಸಾ. ಸುಮಾರು 20 ನಿಮಿಷದ ದಾರಿ.

ಎಡವುವುದು ಎರಡು ಕಡೆ. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದೊಳಗೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಎರಡನೆಯದು, ವೆರ್ನಾತ್ಸಾ ನಿಲ್ದಾಣದ ಪ್ಲಾಟ್‌ಫಾರ್ಮಿನ ಒಂದು ಭಾಗ ಸುರಂಗದೊಳಗಿದೆ. ರೈಲು ಉದ್ದವಿದ್ದರೆ ನಿಮ್ಮ ಬೋಗಿ ಕತ್ತಲಲ್ಲೇ ನಿಲ್ಲಬಹುದು. ನಿಲ್ದಾಣ ಇನ್ನೂ ಬಂದಿಲ್ಲವೆಂದು ಕುಳಿತೇ ಇದ್ದವರು ಮುಂದಿನ ಊರಾದ ಮೊಂತೆರೊಸ್ಸೊಗೆ ಹೋಗಿ ಇಳಿಯುತ್ತಾರೆ. ಕೊರ್ನಿಲ್ಯಾ ಬಿಟ್ಟ ಕೂಡಲೇ ಬಾಗಿಲ ಬಳಿ ಬಂದು ನಿಲ್ಲಿ. ಇಳಿದ ಮೇಲೆ ಬೆಳಕು ಕಾಣುವ ಕಡೆ ನಡೆಯಿರಿ.

ಕೋಣೆ ಕಾಯ್ದಿರಿಸುವಾಗ "ಬೀದಿಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಳೆಯ ಮನೆಗಳು ಒಂದರ ಮೇಲೊಂದು ಕಟ್ಟಿಕೊಂಡಿವೆ. ಲಿಫ್ಟ್ ಅಪರೂಪ. ದೊಡ್ಡ ಸೂಟ್‌ಕೇಸನ್ನು ಲಾ ಸ್ಪೆತ್ಸಿಯಾದಲ್ಲೇ ಬಿಟ್ಟು ಒಂದು ಕೈಚೀಲದಲ್ಲಿ ಬನ್ನಿ. ಒಂದು ರಾತ್ರಿಯಾದರೂ ತಂಗಲೇಬೇಕು. ಹಗಲಿನ ಜನಸಂದಣಿ ಸಂಜೆ ರೈಲು ಹತ್ತಿದ ಮೇಲಷ್ಟೇ ಬಂದರಿನ ಅಂಚಿನಲ್ಲಿ ಅಮ್ಮ ನೆಮ್ಮದಿಯಾಗಿ ಕೂರಬಹುದು.

ಪ್ರಶ್ನೆ: ಅಲ್ಲಿನ ಕಾಲುದಾರಿ ಕಷ್ಟವೇ? ಮಳೆ ಬಂದರೆ?
– ಓದುಗರು, ಶಿರಸಿ

ಉತ್ತರ: ಮೊಂತೆರೊಸ್ಸೊದಿಂದ ವೆರ್ನಾತ್ಸಾಗೆ ಸುಮಾರು 3.5 ಕಿ.ಮೀ. ಆದರೂ ಎರಡು ಗಂಟೆ ಬೇಕು, ಏಕೆಂದರೆ ದಾರಿಯುದ್ದಕ್ಕೂ ಎತ್ತರ ಒಂದೇ ಸಮವಿಲ್ಲದ ಕಲ್ಲಿನ ಮೆಟ್ಟಿಲುಗಳು. ಮೊಣಕಾಲು ನೋವಿದ್ದವರಿಗೆ ಇಳಿಜಾರೇ ಹೆಚ್ಚು ಕಷ್ಟ. ಹವಾಯಿ ಚಪ್ಪಲಿಗೆ ಇಲ್ಲಿ ದಂಡವಿದೆ, ಹಿಡಿತವಿರುವ ಅಟ್ಟೆಯ ಶೂ ಹಾಕಿ. ಈ ದಾರಿಗೆ ಪ್ರವೇಶ ಶುಲ್ಕವಿದೆ. ಒಂದೇ ದಿನ ಮೂರು ನಾಲ್ಕು ಸಲ ರೈಲು ಹತ್ತುವುದಿದ್ದರೆ ರೈಲೂ ದಾರಿಯೂ ಸೇರಿದ 'ಟ್ರೆನೊ' ಕಾರ್ಡ್ ಕೊಳ್ಳುವುದು ಲೇಸು.

ಹವಾಮಾನ ಎಚ್ಚರಿಕೆ ಹೊರಟರೆ ದಾರಿ ಮುಚ್ಚುತ್ತಾರೆ. ಅದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2011ರ ಅಕ್ಟೋಬರ್ 25ರ ಮಳೆಗೆ ಗುಡ್ಡದ ಮಣ್ಣು ಕುಸಿದು ವೆರ್ನಾತ್ಸಾದ ಮುಖ್ಯ ಬೀದಿ ಕೆಸರಿನಲ್ಲಿ ಹೂತಿತು, ಜೀವಹಾನಿಯೂ ಆಯಿತು. ದಾರಿಯ ಪಕ್ಕದ ದ್ರಾಕ್ಷಿ ತೋಟಗಳ ಗೋಡೆಗಳನ್ನು ಹತ್ತಿರದಿಂದ ನೋಡಿ: ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ಸಂದುಗಳಲ್ಲಿ ನೀರು ಬಸಿಯುತ್ತದೆ, ಮಣ್ಣು ನಿಲ್ಲುತ್ತದೆ. ಒಂದು ಕಲ್ಲು ಸಡಿಲವಾದರೂ ಗೋಡೆ ಉಬ್ಬತೊಡಗುತ್ತದೆ. ಹಾಗಾಗಿ ಫೋಟೊಗೆಂದು ಗೋಡೆ ಹತ್ತಲೇಬೇಡಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?
– ಓದುಗರು, ಉಡುಪಿ

ಉತ್ತರ: 'ಫರಿನಾತಾ' ಕೇಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಅಗಲ ತಟ್ಟೆಯಲ್ಲಿ ಬೇಯಿಸಿ ಬಿಸಿಬಿಸಿ ಕೊಡುತ್ತಾರೆ. ತುಳಸಿ ಜಾತಿಯ ಎಲೆ ಅರೆದು ಮಾಡುವ ಹಸಿರು ಚಟ್ನಿ 'ಪೆಸ್ತೊ'ದಲ್ಲಿ ಬೆಳ್ಳುಳ್ಳಿ ಇರುತ್ತದೆ, ಚೀಸೂ ಇರುತ್ತದೆ. ಆ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಆದ್ದರಿಂದ ನಿಮಗೆ ಸಲ್ಲದು. ಫೊಕಾಚ್ಚಾ ರೊಟ್ಟಿ ಕೊಳ್ಳುವಾಗ "ಸೆನ್ತ್ಸಾ ಅಚ್ಚೂಗೆ" ಎನ್ನಿ, ಅಂದರೆ ಬೂತಾಯಿಯಂಥ ಸಣ್ಣ ಉಪ್ಪುಮೀನು ಬೇಡವೆಂದು.