ಹೊಲದಲ್ಲಿ ತೆಗೆದ ಮಕ್ಕಳ ಚಿತ್ರಗಳನ್ನು ಪ್ರದರ್ಶನಕ್ಕೆ ಇಡಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಛಾಯಾಗ್ರಹಣ ನನ್ನ ಬಹುಕಾಲದ ಹವ್ಯಾಸ. ನಮ್ಮ ಕಡೆ ಹತ್ತಿ ಬೀಜೋತ್ಪಾದನೆಯ ಹಂಗಾಮು ಬಂತೆಂದರೆ ಶಾಲೆಯ ಬೆಂಚುಗಳು ಖಾಲಿಯಾಗತೊಡಗುತ್ತವೆ. ಬಾರದ ಮಕ್ಕಳು ಎಲ್ಲಿ ಎಂದು ವಿಚಾರಿಸಿದರೆ "ಕ್ರಾಸಿಂಗಿಗೆ ಹೋಗ್ಯಾರ್ರೀ ಸರ" ಎಂಬ ಉತ್ತರ ಬರುತ್ತದೆ. ಕಳೆದ ಎರಡು ಹಂಗಾಮುಗಳಲ್ಲಿ ರಜೆಯ ದಿನ ಹೊಲಗಳಿಗೆ ಹೋಗಿ ಸುಮಾರು 40 ಚಿತ್ರಗಳನ್ನು ತೆಗೆದಿದ್ದೇನೆ. ಅವುಗಳಲ್ಲಿ ಒಂದು ನನ್ನನ್ನು ಬಿಡದೆ ಕಾಡುತ್ತಿದೆ: ತನ್ನ ಭುಜದೆತ್ತರಕ್ಕೆ ಬೆಳೆದ ಗಿಡಗಳ ನಡುವೆ ನಿಂತ, ನನ್ನ ವಿದ್ಯಾರ್ಥಿಯೊಬ್ಬನ 11 ವರ್ಷದ ತಂಗಿ, ಪರಾಗ ಮೆತ್ತಿದ ಬೆರಳುಗಳನ್ನು ಎದೆಯ ಬಳಿ ಹಿಡಿದು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ನವೆಂಬರ್ 14ರಂದು ಜಿಲ್ಲಾ ಕೇಂದ್ರದಲ್ಲಿ ಒಂದು ಪ್ರದರ್ಶನ ಏರ್ಪಡಿಸಿ, ನಂತರ ಚಿತ್ರಗಳನ್ನು ಫೇಸ್‌ಬುಕ್‌ನಲ್ಲಿ ಹಾಕಬೇಕೆಂದಿದ್ದೇನೆ. ಮುಖವನ್ನು ಮಸುಕು ಮಾಡಬೇಕೆಂದು ಗೆಳೆಯರು ಹೇಳುತ್ತಾರೆ. ಆ ಕಣ್ಣುಗಳು ಹೋದರೆ ಚಿತ್ರದ ಜೀವವೇ ಹೋಗುತ್ತದೆಂದು ನನಗೆ ಅನಿಸುತ್ತದೆ. ತಂದೆತಾಯಿ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ನಾನು ಏನು ಮಾಡಲಿ?

ಉತ್ತರ: ಆ ಚಿತ್ರವನ್ನು ಮುಖ ಕಾಣುವಂತೆ ಪ್ರದರ್ಶನಕ್ಕೂ ಇಡಬೇಡಿ, ಫೇಸ್‌ಬುಕ್‌ಗೂ ಹಾಕಬೇಡಿ. ಮಸುಕು ಮಾಡಿ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಇದನ್ನು ಓದಿ ನಿಮಗೆ ಬೇಸರವಾಗಬಹುದು, ಆದರೆ ನಿಮ್ಮ ಉದ್ದೇಶವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ.

ನಿಮ್ಮಂತೆಯೇ ಶಾಲಾ ಶಿಕ್ಷಕನಾಗಿದ್ದ ಒಬ್ಬರು ನೂರು ವರ್ಷಗಳಿಗೂ ಹಿಂದೆ ಇದೇ ಕೆಲಸಕ್ಕೆ ಇಳಿದಿದ್ದರು. ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಲೂಯಿಸ್ ಹೈನ್, 1908ರಲ್ಲಿ ಶಿಕ್ಷಕವೃತ್ತಿಯನ್ನು ಬಿಟ್ಟು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ 1904ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ರಾಷ್ಟ್ರೀಯ ಸಮಿತಿಗೆ ಛಾಯಾಗ್ರಾಹಕರಾಗಿ ಸೇರಿಕೊಂಡರು. ನೂಲಿನ ಗಿರಣಿ, ಕಲ್ಲಿದ್ದಲ ಗಣಿ, ಮೀನು ಡಬ್ಬಿಗೆ ತುಂಬುವ ಕಾರ್ಖಾನೆ, ಹೀಗೆ ಮಕ್ಕಳು ದುಡಿಯುತ್ತಿದ್ದ ಕಡೆಗಳಿಗೆಲ್ಲ ಹೋದರು. ಮಾಲೀಕರು ಒಳಗೆ ಬಿಡದ ಕಡೆ ಬೈಬಲ್ ಮಾರುವವನೆಂದೋ, ಪೋಸ್ಟ್‌ಕಾರ್ಡ್ ಮಾರುವವನೆಂದೋ ವೇಷ ಹಾಕಿಕೊಂಡು ನುಗ್ಗಿದರು. ಅವರ ಸುಮಾರು 5,000 ಚಿತ್ರಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. 1908ರ ನವೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಲ್ಯಾಂಕಾಸ್ಟರ್ ಊರಿನ ಗಿರಣಿಯಲ್ಲಿ ತೆಗೆದದ್ದು. ಪುಟ್ಟ ಹುಡುಗಿಯೊಬ್ಬಳು ನೂಲುವ ಯಂತ್ರದ ಪಕ್ಕದಲ್ಲಿ ನಿಂತಿದ್ದಾಳೆ, ಯಂತ್ರದ ಸಾಲು ಅವಳ ಬೆನ್ನ ಹಿಂದೆ ಚಿತ್ರದ ಆಳದವರೆಗೂ ಹೋಗಿದೆ. ಚಿತ್ರ ಇಷ್ಟೇ ಆಗಿದ್ದರೆ ನೋಡಿದವರು "ಪಾಪ" ಎಂದು ಮುಂದೆ ಹೋಗುತ್ತಿದ್ದರು. ಆದರೆ ಹೈನ್ ಅದರ ಅಡಿಯಲ್ಲಿ ಅವಳ ಹೆಸರು, ಎತ್ತರ 48 ಅಂಗುಲ, ಕೆಲಸಕ್ಕೆ ಬಂದು ಅರ್ಧ ವರ್ಷ, ಇಂಥ ಗಿರಣಿ ಎಂದು ಬರೆದಿಟ್ಟರು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಅವರು ಮೊದಲೇ ಅಳೆದಿಟ್ಟುಕೊಂಡಿದ್ದರು. ಮಗು ಪಕ್ಕದಲ್ಲಿ ನಿಂತಾಗ ತಲೆ ಯಾವ ಗುಂಡಿಯ ಮಟ್ಟಕ್ಕೆ ಬರುತ್ತದೆಂದು ನೋಡಿ, ಜೇಬಿನೊಳಗೇ ಕೈಯಿಟ್ಟು ಟಿಪ್ಪಣಿ ಗೀಚಿಕೊಳ್ಳುತ್ತಿದ್ದರು. ಮಾಲೀಕ "ಅವಳಿಗೆ ಹದಿನಾಲ್ಕು ತುಂಬಿದೆ" ಎಂದು ವಾದಿಸಬಹುದಾಗಿತ್ತು, ಆದರೆ 48 ಅಂಗುಲ ಎಂಬ ಅಳತೆಯ ಎದುರು ಆ ವಾದ ನಿಲ್ಲುವುದು ಕಷ್ಟವಿತ್ತು. ಅವರ ಚಿತ್ರಗಳು ಸಾಕ್ಷ್ಯವಾದದ್ದು ಕಣ್ಣುಗಳಿಗಿಂತ ಹೆಚ್ಚಾಗಿ ಅಡಿಬರಹದಿಂದ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯೇ ನಿಮಗೂ ಅವರಿಗೂ ವ್ಯತ್ಯಾಸ. ಅವರು ಬರೆದ ಹೆಸರು, ಊರು, ಗಿರಣಿ ಇವೇ ಅವರ ಬಲವಾಗಿದ್ದವು. ಇಂದು ನೀವು ಬರೆಯಬಾರದ್ದೂ ಅವೇ. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು, ರಕ್ಷಣೆಯ ಅಗತ್ಯವಿರುವ ಮಗುವಿನ ವಿಚಾರಣೆಗೆ ಅಥವಾ ತನಿಖೆಗೆ ಸಂಬಂಧಿಸಿದ ಯಾವುದೇ ವರದಿಯಲ್ಲಿ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವಂಥ ಬೇರಾವುದೇ ವಿವರವನ್ನು ಕೊಡುವಂತಿಲ್ಲ, ಚಿತ್ರವನ್ನೂ ಪ್ರಕಟಿಸುವಂತಿಲ್ಲ ಎನ್ನುತ್ತದೆ. ಉಲ್ಲಂಘಿಸಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗು ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿದೆ. ಇನ್ನೂ ವಿಚಾರಣೆಯೇ ಶುರುವಾಗಿಲ್ಲವಲ್ಲ ಎಂದು ನೀವು ಕೇಳಬಹುದು. ನಿಮ್ಮ ಚಿತ್ರ ನಿಜವಾಗಿ ಫಲ ಕೊಟ್ಟರೆ ವಿಚಾರಣೆ ಶುರುವಾಗಲೇಬೇಕು. ಆ ಹೊತ್ತಿಗೆ ಹುಡುಗಿಯ ಮುಖ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಮುಗಿದಿರುತ್ತದೆ. ಪ್ರಕಟಣೆಗೆ ಅನುಮತಿ ಕೊಡುವ ಅಧಿಕಾರ, ಅದೂ ಮಗುವಿನ ಹಿತಕ್ಕಾಗಿ ಮತ್ತು ಕಾರಣ ಬರೆದಿಟ್ಟು, ವಿಚಾರಣೆ ನಡೆಸುವ ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಬಾಲನ್ಯಾಯ ಮಂಡಳಿಗೆ ಇದೆಯೇ ಹೊರತು ತಂದೆತಾಯಿಗಿಲ್ಲ.

ತಂದೆತಾಯಿಯ ಒಪ್ಪಿಗೆಯ ಬಗ್ಗೆ ಇನ್ನೊಂದು ಮಾತು. ಹಂಗಾಮಿಗೆ ಮೊದಲೇ ಮುಂಗಡ ಪಡೆದು ಮಗುವನ್ನು ಹೊಲಕ್ಕೆ ಕಳಿಸಿರುವ ಮನೆಯಲ್ಲಿ, ಮಗನ ಮೇಷ್ಟ್ರು ಬಾಗಿಲಿಗೆ ಬಂದು ಕೇಳಿದರೆ "ಆಗಲಿ ಸರ" ಎನ್ನದೆ ಇನ್ನೇನು ಹೇಳಿಯಾರು? ಆ ಹುಡುಗಿಯಾದರೂ ತನ್ನ ಅಣ್ಣನ ಮೇಷ್ಟ್ರು ಕ್ಯಾಮೆರಾ ಎತ್ತಿದಾಗ ಬೇಡ ಎನ್ನಲು ಸಾಧ್ಯವಿತ್ತೇ? ಅವಳು ನೇರವಾಗಿ ನೋಡಿದ್ದು ಕ್ಯಾಮೆರಾವನ್ನಲ್ಲ, ನಿಮ್ಮನ್ನು. ನಾಳೆ ಹೊಲದ ಮಾಲೀಕನೋ ಕೂಲಿಯವರನ್ನು ಕರೆತರುವ ಮೇಸ್ತ್ರಿಯೋ ಆ ಚಿತ್ರ ನೋಡಿದರೆ ಮೊದಲು ತರಾಟೆಗೆ ಒಳಗಾಗುವುದು ನೀವಲ್ಲ, ಅವಳ ಅಪ್ಪ. ಮುಖಕ್ಕೆ ಮಸುಕು ಬಳಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಊರಿನವರು ಮಗುವನ್ನು ಗುರುತಿಸಲು ಮುಖವೇ ಬೇಕಿಲ್ಲ. ಲಂಗದ ಬಣ್ಣ, ಹೊಲದ ಬದುವಿನ ಬೇವಿನ ಮರ, ಪಕ್ಕದಲ್ಲಿ ನಿಂತ ಅಕ್ಕ ಸಾಕು. ಮೊಬೈಲಿನಲ್ಲಿ ತೆಗೆದಿದ್ದರೆ ಚಿತ್ರದೊಳಗೇ ಸ್ಥಳದ ಮಾಹಿತಿ ಅಡಗಿ ಕುಳಿತಿರಬಹುದು ಎಂಬುದನ್ನೂ ಮರೆಯಬೇಡಿ. ಅದೂ ಅಲ್ಲದೆ ಮಸುಕು ಮಾಡಿದ ಮುಖ, ನೋಡುವವರ ಕಣ್ಣಿಗೆ ಆ ಮಗುವೇ ಏನೋ ತಪ್ಪು ಮಾಡಿದೆ ಎಂಬಂತೆ ಕಾಣುತ್ತದೆ. ಪೊಲೀಸರು ಆರೋಪಿಗಳನ್ನು ಮುಖ ಮುಚ್ಚಿ ಕರೆದೊಯ್ಯುವ ಚಿತ್ರಗಳನ್ನು ನಾವು ನೋಡಿ ನೋಡಿ ಹಾಗಾಗಿದೆ.

ಹಾಗಾದರೆ ಏನನ್ನು ತೋರಿಸಬೇಕು? ಮತ್ತೆ ಹೈನ್ ಅವರಲ್ಲಿಗೇ ಹೋಗುತ್ತೇನೆ. 1911ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಿಟ್‌ಸ್ಟನ್‌ನಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಹುಡುಗರನ್ನು ಚಿತ್ರಿಸಿದಾಗ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಬಗ್ಗಿದ ಬೆನ್ನುಗಳು, ಟೋಪಿಗಳು ಮತ್ತು ದೂಳು. ದೂಳು ಕೆಲವೊಮ್ಮೆ ಎದುರಿನದೇ ಕಾಣದಷ್ಟು ದಟ್ಟವಾಗಿರುತ್ತದೆ, ಹುಡುಗರ ಶ್ವಾಸಕೋಶದ ಮೂಲೆಮೂಲೆಗೂ ಇಳಿಯುತ್ತದೆ, ಅವರ ತಲೆಯ ಮೇಲೆ ನಿಂತವನು ಆಗಾಗ ತಿವಿದು, ಒದ್ದು ಕೆಲಸ ಮಾಡಿಸುತ್ತಾನೆ ಎಂದು ಅಡಿಬರಹದಲ್ಲಿ ಬರೆದರು. ಆ ಚಿತ್ರದಲ್ಲಿ ನಮ್ಮ ಸಿಟ್ಟು ಹೋಗಿ ತಗಲುವುದು ತಿವಿಯುವವನಿಗೆ. ನಿಮ್ಮ 40 ಚಿತ್ರಗಳನ್ನು ಮುಂದೆ ಹರಡಿಕೊಂಡು ನೋಡಿ: ಎಷ್ಟರಲ್ಲಿ ಮಕ್ಕಳಿದ್ದಾರೆ, ಎಷ್ಟರಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆ ಇದೆ?

ಕ್ರಾಸಿಂಗ್ ಎಂದರೇನು ಎಂಬುದೇ ಪೇಟೆಯ ಬಹುಪಾಲು ಓದುಗರಿಗೆ ತಿಳಿಯದು. ಹೈಬ್ರಿಡ್ ಬೀಜಕ್ಕಾಗಿ ಸಂಜೆ ಒಂದೊಂದೇ ಮೊಗ್ಗನ್ನು ಬಿಡಿಸಿ ಅದರ ಕೇಸರಗಳನ್ನು ಕಿತ್ತು ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವನ್ನು ತಂದು ಅದಕ್ಕೆ ಉಜ್ಜಬೇಕು. ಹಂಗಾಮಿನ ಉದ್ದಕ್ಕೂ, ಗಿಡದಿಂದ ಗಿಡಕ್ಕೆ, ಮತ್ತೆ ಮತ್ತೆ ಇದೇ ಕೆಲಸ. ಇಷ್ಟು ಕೈಗಳಿಗೆ ದೊಡ್ಡವರ ಕೂಲಿ ಕೊಡುವ ಮನಸ್ಸಿಲ್ಲದ ಕಡೆ ಮಕ್ಕಳು ಬರುತ್ತಾರೆ. ವಿಜ್ಞಾನ ಶಿಕ್ಷಕರಾದ ನಿಮಗಿಂತ ಚೆನ್ನಾಗಿ ಇದನ್ನು ಚಿತ್ರಗಳಲ್ಲಿ ವಿವರಿಸುವವರು ಯಾರು? ಪರಾಗ ಹಿಡಿದ ಬೆರಳುಗಳನ್ನು ಮಾತ್ರ, ಚೌಕಟ್ಟು ತುಂಬುವಂತೆ ತೆಗೆಯಿರಿ. ಅದರ ಪಕ್ಕದಲ್ಲೇ, ಅಂಗಡಿಯ ಕಪಾಟಿನಲ್ಲಿ ಹೊಳೆಯುವ ಬೀಜದ ಪ್ಯಾಕೆಟ್ಟಿನ ಚಿತ್ರವಿರಲಿ. ಔಷಧಿ ಹೊಡೆದು ಬದುವಿನ ಮೇಲೆ ಎಸೆದ ಖಾಲಿ ಡಬ್ಬಿ, ಅದರಿಂದ ನಾಲ್ಕು ಮಾರು ದೂರದಲ್ಲಿಟ್ಟ ಬುತ್ತಿಗಂಟು ಕಂಡರೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಚಿತ್ರ ನಿಮ್ಮ ತರಗತಿಯಲ್ಲೇ ಇದೆ, ಅದನ್ನು ನೀವಿನ್ನೂ ತೆಗೆದಿಲ್ಲವೆಂದು ತೋರುತ್ತದೆ. ಹಂಗಾಮು ಶುರುವಾಗುವ ಮೊದಲಿನಿಂದ ಮುಗಿಯುವವರೆಗೆ, ಪ್ರತಿ ಸೋಮವಾರ ಅದೇ ಹೊತ್ತಿಗೆ, ಅದೇ ಜಾಗದಿಂದ, ಅದೇ ಬೆಂಚುಗಳನ್ನು ಹಿಂಬದಿಯಿಂದ ತೆಗೆಯಿರಿ. ಹದಿನೈದು ವಾರಗಳ ಹದಿನೈದು ಚಿತ್ರಗಳು ಒಂದೇ ಸಾಲಿನಲ್ಲಿ ಗೋಡೆಯ ಮೇಲೆ ನಿಂತರೆ, ಬೆಂಚುಗಳು ಬರಿದಾಗಿ ಮತ್ತೆ ತುಂಬುವುದು, ಕೆಲವು ಜಾಗಗಳು ಕೊನೆಗೂ ತುಂಬದೆ ಉಳಿಯುವುದು ಯಾರಿಗಾದರೂ ಕಾಣುತ್ತದೆ. ಅಡಿಯಲ್ಲಿ ತಾರೀಕು, ಹಾಜರಿ ಎಷ್ಟು, ದಿನಗೂಲಿ ಎಷ್ಟು, ಎಷ್ಟು ಗಂಟೆಯ ಕೆಲಸ ಎಂದು ಬರೆಯಿರಿ; ಊರು ಮತ್ತು ಶಾಲೆಯ ಹೆಸರು ಬೇಡ, ಜಿಲ್ಲೆ ಸಾಕು. ಹೈನ್ ಅವರ 48 ಅಂಗುಲಕ್ಕೆ ಇದೇ ನಿಮ್ಮ ಉತ್ತರವಾದೀತು.

ಆದರೆ ಪ್ರದರ್ಶನಕ್ಕೆ ಮೊದಲು ಆಗಬೇಕಾದ ಕೆಲಸವೊಂದಿದೆ. 1993ರ ಮಾರ್ಚಿನಲ್ಲಿ, ಸುಡಾನಿನ ಬರಗಾಲದಲ್ಲಿ ಕುಸಿದು ಕುಳಿತ ಮಗು ಮತ್ತು ಹಿಂದೆ ಕಾದಿದ್ದ ರಣಹದ್ದಿನ ಚಿತ್ರವನ್ನು ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದಾಗ, ಓದುಗರು ಕೇಳಿದ್ದು "ಆ ಮಗು ಏನಾಯಿತು?" ಎಂದು. ಮಗು ಎದ್ದು ನಡೆಯುವಷ್ಟು ಚೇತರಿಸಿಕೊಂಡಿತ್ತು, ಆದರೆ ಆಹಾರ ಕೇಂದ್ರ ತಲುಪಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ವಿಶೇಷ ಟಿಪ್ಪಣಿ ಹಾಕಬೇಕಾಯಿತು. ಕೆವಿನ್ ಕಾರ್ಟರ್ ಅವರ ಆ ಚಿತ್ರಕ್ಕೆ 1994ರಲ್ಲಿ ಪುಲಿಟ್ಜರ್ ಬಂದರೂ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ನಿಮ್ಮ ಪ್ರದರ್ಶನದಲ್ಲೂ ಯಾರಾದರೊಬ್ಬರು ಅದನ್ನೇ ಕೇಳುತ್ತಾರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಲು ವಿನಾಯಿತಿ ಇದೆ, ಆದರೆ ಕೂಲಿಗಾಗಿ ಬೇರೆಯವರ ಹೊಲದಲ್ಲಿ ದುಡಿಯುವುದು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಬರೆಯಿರಿ, ಆ ಹುಡುಗಿಯ ಮೂಲ ಚಿತ್ರವನ್ನು ಅವರಿಗೆ ಸಾಕ್ಷ್ಯವಾಗಿ ಒಪ್ಪಿಸಿ. ಆ ಕಣ್ಣುಗಳನ್ನು ನೋಡಬೇಕಾದವರು ಅವರು.

ಫಲ ಬೇಗ ಬಾರದಿದ್ದರೆ ಎದೆಗುಂದಬೇಡಿ. ಹೈನ್ ಅವರ ಚಿತ್ರಗಳು ಕರಪತ್ರಗಳಾಗಿ, ಪ್ರದರ್ಶನದ ಫಲಕಗಳಾಗಿ ದೇಶ ಸುತ್ತಿದ ಮೇಲೆ 1916ರಲ್ಲಿ ಒಂದು ಕಾಯ್ದೆ ಬಂತು, 1918ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ಗಟ್ಟಿಯಾದ ಕಾನೂನು ಬರಲು 1938 ಆಗಬೇಕಾಯಿತು.

ಪ್ರಶ್ನೆ: ನಾನು ಮೈಸೂರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ನಾವು ಮಕ್ಕಳ ಚಿತ್ರ ತೆಗೆಯುವ ಬದಲು ಕೊಳೆಗೇರಿಯ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಮೂರು ದಿನಗಳ ಶಿಬಿರ ಮಾಡಿದರೆ ಈ ಎಲ್ಲ ತೊಡಕು ತಪ್ಪುವುದಿಲ್ಲವೇ?

ಉತ್ತರ: ಎಲ್ಲವೂ ತಪ್ಪುವುದಿಲ್ಲ, ಆದರೂ ದಾರಿ ಒಳ್ಳೆಯದು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಂಗಸರಿಗೆ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳ ಬಗ್ಗೆ ಅವರಿಂದಲೇ ಮಾತಾಡಿಸಿದ್ದರು. ತಾಯಂದಿರು ದುಡಿಯುವಾಗ ಹೊಲದಲ್ಲಿ ಒಂಟಿಯಾಗಿ ಮಲಗಿದ್ದ ಕೂಸುಗಳು ಆ ಚಿತ್ರಗಳಲ್ಲಿ ಕಂಡವು, ಶಿಶುಪಾಲನೆಯ ಪ್ರಶ್ನೆ ಅಧಿಕಾರಿಗಳ ಮುಂದೆ ಬಂತು. ಹೊರಗಿನವರು ಹೋಗಿದ್ದರೆ ಬಹುಶಃ ಬೆಟ್ಟ, ಮಂಜು, ಬುಟ್ಟಿ ಹೊತ್ತ ಹೆಂಗಸು ಇಷ್ಟನ್ನೇ ತರುತ್ತಿದ್ದರು.

ಆದರೆ ಮಗುವೇ ತೆಗೆದರೂ ಚಿತ್ರದಲ್ಲಿರುವ ಇನ್ನೊಂದು ಮಗುವಿನ ಗುರುತಿಗೆ ಮೇಲೆ ಹೇಳಿದ ಎಚ್ಚರವೇ ಅನ್ವಯಿಸುತ್ತದೆ. ಯಾವ ಚಿತ್ರ ಹೊರಗೆ ಹೋಗಬಾರದು ಎಂದು ಹೇಳುವ ಹಕ್ಕು ತೆಗೆದ ಮಗುವಿಗಿರಲಿ. ಮೊದಲ ಪ್ರಿಂಟ್ ಅದರ ಮನೆಗೇ ಹೋಗಲಿ. ಮೂರು ದಿನ ಸಾಲದು ಎಂದು ನನಗನಿಸುತ್ತದೆ, ಏಕೆಂದರೆ ಮೊದಲ ದಿನವೆಲ್ಲ ಮಕ್ಕಳು ಒಬ್ಬರನ್ನೊಬ್ಬರು ನಗಿಸುತ್ತಾ ತೆಗೆಯುವುದರಲ್ಲೇ ಕಳೆಯುತ್ತದೆ, ಅದು ಹಾಗೆಯೇ ಆಗಬೇಕು ಕೂಡ. ಶಿಬಿರ ಮುಗಿಸಿ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಳ್ಳುವಾಗ "ಅಕ್ಕಾ, ಮತ್ತೆ ಯಾವಾಗ ಬರ್ತೀರಾ?" ಎಂದು ಕೇಳುತ್ತಾರೆ. ಅದಕ್ಕೆ ಹೇಳಲು ಒಂದು ತಾರೀಕನ್ನು ಈಗಲೇ ಗೊತ್ತುಮಾಡಿಕೊಂಡು ಹೋಗಿ.