ಬಾಟಲಿಯ ಕತ್ತು, ಗಿಟಾರಿನ ಕೊರಳು

ಪ್ರಶ್ನೆ: ಅಮೆರಿಕದ ಕಪ್ಪು ಜನರ ಗಾಯನಶೈಲಿಯಾದ ಬ್ಲೂಸ್‌ನ ಹಳೆಯ ಧ್ವನಿಮುದ್ರಿಕೆಗಳಲ್ಲಿ ಗಿಟಾರ್ ಒಮ್ಮೊಮ್ಮೆ ಮನುಷ್ಯರು ನರಳಿದಂತೆ ಕೇಳಿಸುತ್ತದೆ. ಸ್ನೇಹಿತರು ಇದನ್ನು ‘ಬಾಟಲ್‌ನೆಕ್’ ಎನ್ನುತ್ತಾರೆ. ಇದು ಬೇರೆ ಬಗೆಯ ಗಿಟಾರೇ? ಬಾಟಲಿಗೂ ಇದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಿಟಾರ್ ಬಹುಮಟ್ಟಿಗೆ ಅದೇ, ಎಡಗೈ ಮಾಡುವ ಕೆಲಸ ಬೇರೆ. ಸಾಮಾನ್ಯ ವಾದನದಲ್ಲಿ ಬೆರಳು ತಂತಿಯನ್ನು ಮೆಟ್ಟಿನ (ಗಿಟಾರಿನ ಕೊರಳಿನ ಮೇಲಿನ ಅಡ್ಡಪಟ್ಟಿಯ) ಹಿಂದೆ ಅದುಮುವುದರಿಂದ ಸ್ವರವು ಆ ಮೆಟ್ಟಿಗೆ ಕಟ್ಟುಬಿದ್ದಿರುತ್ತದೆ. ಅದರ ಬದಲು ಕಿರುಬೆರಳಿಗೋ ಉಂಗುರದ ಬೆರಳಿಗೋ ಗಾಜಿನ ಅಥವಾ ಲೋಹದ ಕೊಳವೆಯೊಂದನ್ನು ತೊಟ್ಟು, ತಂತಿಯನ್ನು ಅದುಮದೆ ಬರಿದೆ ತಾಗಿಸಿ ಸರಿಸಿದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲಿಯೂ ಕಡಿಯದೆ ಹೋಗಬಹುದು. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಜಾರು ಎಂದು ಕೂಡಲೇ ಗುರುತಿಸುತ್ತಾರೆ. ಬಾಟಲಿಯ ಕತ್ತನ್ನು ಕತ್ತರಿಸಿ, ಅಂಚನ್ನು ಉಜ್ಜಿ ನಯಗೊಳಿಸಿ ಈ ಕೊಳವೆ ಮಾಡಿಕೊಳ್ಳುತ್ತಿದ್ದುದರಿಂದ ಆ ಹೆಸರು ಬಂತು. ಆದರೆ ಬಾಟಲಿಯೇ ಆಗಬೇಕೆಂದಿರಲಿಲ್ಲ. ಕೆಲವರು ಚಾಕುವಿನಲ್ಲಿ ನುಡಿಸಿದರು. ಮಿಸಿಸಿಪಿಯ ಫ್ರೆಡ್ ಮೆಕ್‌ಡವೆಲ್ ದನದ ಪಕ್ಕೆಲುಬಿನ ತುಂಡಿನಿಂದಲೂ ನುಡಿಸಿದ್ದುಂಟು.

ನರಳಿದಂತೆ ಕೇಳಿಸುವುದಕ್ಕೆ ಕಾರಣ ಮುಖ್ಯವಾಗಿ ಗಾಂಧಾರದಲ್ಲಿ, ಅಂದರೆ ‘ಗ’ ಸ್ವರದಲ್ಲಿ, ಇದೆ. ಬ್ಲೂಸ್ ಗಾಯಕರು ಹಾಡುವ ಗಾಂಧಾರವು ಅನೇಕ ಕಡೆ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ. ಗಿಟಾರಿನ ಮೆಟ್ಟುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ತಂತಿಯನ್ನು ಬೆರಳಿನಿಂದ ಎಳೆದು ಅದರ ಹತ್ತಿರ ಹೋಗಬಹುದು, ಕೊಳವೆಯಾದರೆ ಸಲೀಸಾಗಿ ಅಲ್ಲಿ ನಿಲ್ಲುತ್ತದೆ, ಅಲ್ಲಿಯೇ ಕಂಪಿಸುತ್ತದೆ.

ತಂತಿಗಳ ಶ್ರುತಿಯನ್ನೂ ಸಾಮಾನ್ಯವಾಗಿ ಬದಲಿಸಿಕೊಳ್ಳುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಎರಡು ಬಗೆಗಳನ್ನು ನಮ್ಮ ಸ್ವರಗಳಲ್ಲಿ, ದಪ್ಪ ತಂತಿಯಿಂದ ಮೊದಲುಮಾಡಿ, ಹೇಳುವುದಾದರೆ ಒಂದು ‘ಸ ಪ ಸ ಗ ಪ ಸ’, ಇನ್ನೊಂದು ‘ಪ ಸ ಪ ಸ ಗ ಪ’. ಹೀಗಿದ್ದಾಗ ಎಡಗೈ ಏನನ್ನೂ ಮುಟ್ಟದೆ ಆರೂ ತಂತಿ ಮೀಟಿದರೂ ಸುಸ್ವರವೇ ಹೊಮ್ಮುತ್ತದೆ. ಕೊಳವೆಯನ್ನು ನೇರವಾಗಿ ಅಡ್ಡ ಇಟ್ಟಲ್ಲೆಲ್ಲ ಅದೇ ಸ್ವರಗುಚ್ಛ ಮೇಲಿನ ಶ್ರುತಿಗೆ ಏರುತ್ತದೆ. ನೀವೇ ಪ್ರಯತ್ನಿಸುವುದಾದರೆ ಎರಡು ಸಂಗತಿ ಗಮನಿಸಿ. ಕೊಳವೆ ಮೆಟ್ಟಿನ ಹಿಂದಲ್ಲ, ಮೆಟ್ಟಿನ ನೆತ್ತಿಯ ಮೇಲೆಯೇ ನಿಲ್ಲಬೇಕು. ಕೂದಲೆಳೆಯಷ್ಟು ಸರಿದರೂ ಅಪಶ್ರುತಿ. ಕೊಳವೆಯ ಹಿಂದಿನ ಬೆರಳುಗಳನ್ನು ತಂತಿಗಳ ಮೇಲೆ ಹಗುರವಾಗಿ ಒರಗಿಸಿರಬೇಕು, ಇಲ್ಲದಿದ್ದರೆ ಹಿಂಬದಿಯ ತಂತಿಯೂ ಗುಂಯ್‌ಗುಟ್ಟಿ ಕಿರಿಕಿರಿಯಾಗುತ್ತದೆ. ಮನೆಯಲ್ಲಿ ಬಾಟಲಿ ಒಡೆಯುವ ಸಾಹಸ ಮಾತ್ರ ಬೇಡ. ಸಿದ್ಧವಾದ ಗಾಜಿನ ಕೊಳವೆಗಳು ವಾದ್ಯಗಳ ಅಂಗಡಿಯಲ್ಲಿ ಸಿಗುತ್ತವೆ.

ಪ್ರಶ್ನೆ: ಈ ಶೈಲಿಯ ಮೊದಲ ಧ್ವನಿಮುದ್ರಿಕೆ ಯಾವುದು? ಹೊಸಬರು ಯಾವುದರಿಂದ ಕೇಳಲು ಆರಂಭಿಸಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಕೆಂಟಕಿಯ ಲೂಯಿವಿಲ್‌ನ ಸಿಲ್ವೆಸ್ಟರ್ ವೀವರ್ 1923ರ ನವೆಂಬರಿನಲ್ಲಿ ಓಕೆ ಎಂಬ ಧ್ವನಿಮುದ್ರಿಕೆ ಕಂಪನಿಗೆ ನುಡಿಸಿದ ‘ಗಿಟಾರ್ ಬ್ಲೂಸ್’ ಮತ್ತು ‘ಗಿಟಾರ್ ರ‍್ಯಾಗ್’ ಎಂಬ ಎರಡು ತುಣುಕುಗಳಿಗೆ ಆ ಸ್ಥಾನ ಕೊಡುವುದು ವಾಡಿಕೆ. ಮೈಕ್ರೊಫೋನು ಇನ್ನೂ ಬಂದಿರದ, ದೊಡ್ಡ ತುತ್ತೂರಿಯೊಂದರ ಬಾಯಿಯ ಮುಂದೆ ಕುಳಿತು ನುಡಿಸಬೇಕಾಗಿದ್ದ ಕಾಲ ಅದು. ಚರಿತ್ರೆಗಾಗಿ ಅದನ್ನು ಕೇಳಿ; ಆದರೆ ಮೊದಲು ಕೇಳಬೇಕಾದದ್ದು ಅದಲ್ಲ ಎಂಬುದು ನನ್ನ ಅಭಿಪ್ರಾಯ.

ಟೆಕ್ಸಾಸಿನ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರಿನಲ್ಲಿ ಡಲ್ಲಾಸ್ ನಗರದಲ್ಲಿ ಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ನಿಂದ ಆರಂಭಿಸಿ. ಆತ ಹಾಡುತ್ತಿದ್ದುದು ಭಕ್ತಿಗೀತೆಗಳನ್ನಾದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅವನು ಬ್ಲೂಸ್ ಗಾಯಕನಲ್ಲ. ಆದರೂ ಈ ವಾದನದ ಮಾತು ಬಂದಲ್ಲೆಲ್ಲ ಅವನ ಹೆಸರು ಬಂದೇ ಬರುತ್ತದೆ. ಸುಮಾರು ಮೂರು ನಿಮಿಷದ ಈ ಮುದ್ರಿಕೆಯಲ್ಲಿ ಸಾಹಿತ್ಯವೇ ಇಲ್ಲ. ಗಂಟಲಿನ ಆಳದಿಂದ ಒಂದು ಗುನುಗು ಏಳುತ್ತದೆ, ಮೇಲಿನ ತಂತಿ ಅದರ ಬೆನ್ನಿಗೇ ಜಾರಿ ಬಂದು ಉತ್ತರಿಸುತ್ತದೆ, ಕೆಲವೆಡೆ ಗುನುಗು ನಿಂತದ್ದು ಎಲ್ಲಿ, ತಂತಿ ಹಿಡಿದದ್ದು ಎಲ್ಲಿ ಎಂಬುದೇ ತಿಳಿಯುವುದಿಲ್ಲ. ಅವನ ಬೇರೆ ಹಾಡುಗಳಲ್ಲಿ ಸಾಲಿನ ಕೊನೆಯ ಪದಗಳನ್ನು ಬಾಯಿ ನುಂಗಿಕೊಂಡು ಗಿಟಾರಿಗೆ ಬಿಟ್ಟುಕೊಡುವ ಕ್ರಮವೂ ಉಂಟು. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳ ಚಿನ್ನಲೇಪಿತ ತಟ್ಟೆಯಲ್ಲಿ ಈ ಮುದ್ರಿಕೆಯಿದೆ. ಕೇಸರಬಾಯಿ ಕೇರ್ಕರ್ ಅವರ ಭೈರವಿ ಇರುವುದೂ ಅದೇ ತಟ್ಟೆಯಲ್ಲಿ.

ಅನಂತರ ಮಿಸಿಸಿಪಿಗೆ ಬನ್ನಿ. ಸನ್ ಹೌಸ್ 1930ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಮುದ್ರಿಸಿದ ಹಾಡುಗಳಲ್ಲಿ ಕೊಳವೆಯು ಚಾಟಿಯಂತೆ ತಂತಿಗೆ ಬಡಿಯುತ್ತದೆ. ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹಾಡಿದ ‘ಕ್ರಾಸ್ ರೋಡ್ ಬ್ಲೂಸ್’ ಅದೇ ಪಾಠವನ್ನು ಇನ್ನಷ್ಟು ಬಿಗಿಯಾಗಿ ಒಪ್ಪಿಸುತ್ತದೆ. (ಕೂಡುದಾರಿಯಲ್ಲಿ ಆತ ಸೈತಾನನಿಗೆ ಆತ್ಮ ಮಾರಿಕೊಂಡನೆಂಬ ಕಥೆಯನ್ನು ನಂಬಿ ಕೇಳಲು ಕೂತರೆ ನಿರಾಶೆಯಾದೀತು, ಆ ಹಾಡಿನಲ್ಲಿ ಆತ ಮೊಣಕಾಲೂರಿ ಬೇಡುವುದು ದೇವರನ್ನು.) ಅದೇ ವರ್ಷ ಆತ ಮುದ್ರಿಸಿದ ‘ಐ ಬಿಲೀವ್ ಐಲ್ ಡಸ್ಟ್ ಮೈ ಬ್ರೂಮ್’ನಲ್ಲಿ ಕೊಳವೆಯಿಲ್ಲ, ತ್ರಿಶ್ರ ನಡೆಯ ಆ ಪ್ರಸಿದ್ಧ ಪಲುಕನ್ನು ಬರೀ ಬೆರಳುಗಳೇ ನುಡಿಸಿವೆ. ಎಲ್ಮೋರ್ ಜೇಮ್ಸ್ 1951ರಲ್ಲಿ ಅದೇ ಪಲುಕನ್ನು ವಿದ್ಯುತ್ ಗಿಟಾರಿನಲ್ಲಿ, ಹನ್ನೆರಡನೆಯ ಮೆಟ್ಟಿನ ಮೇಲೆ ಕೊಳವೆಯಿಟ್ಟು ಮೊಳಗಿಸಿದ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಕೊಳವೆ ಏನು ಕೊಡುತ್ತದೆ ಎಂಬುದಕ್ಕೆ ನನ್ನ ವಿವರಣೆ ಬೇಕಾಗುವುದಿಲ್ಲ. ಮಡ್ಡಿ ವಾಟರ್ಸ್ ಅವರನ್ನೂ ಹೀಗೆಯೇ ಎರಡು ಬಾರಿ ಕೇಳಬಹುದು: 1941ರಲ್ಲಿ ಸ್ಟೋವಾಲ್ ಹತ್ತಿ ತೋಟದಲ್ಲಿ ಕೂಲಿಯಾಗಿದ್ದಾಗ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹಕ್ಕಾಗಿ ಮುದ್ರಿಸಿದ್ದನ್ನು ಒಮ್ಮೆ, 1948ರಲ್ಲಿ ಷಿಕಾಗೋದಲ್ಲಿ ಮುದ್ರಿಸಿದ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ ಅನ್ನು ಇನ್ನೊಮ್ಮೆ.

ಪ್ರಶ್ನೆ: ನಮ್ಮ ಗೋಟುವಾದ್ಯದಿಂದಲೇ ಬ್ಲೂಸ್‌ನವರು ಇದನ್ನು ಕಲಿತರು ಎಂದು ಒಬ್ಬರು ವಾದಿಸಿದರು. ನಿಜವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗೋಟುವಾದ್ಯವೂ ತಂತಿಯ ಮೇಲೆ ಗಟ್ಟಿ ತುಂಡನ್ನು ಜಾರಿಸಿ ನುಡಿಸುವ ವೀಣೆಯೇ, ಆದರೂ ಹಾಗೆ ಹೇಳಲು ಆಧಾರವಿಲ್ಲ. ಗಟ್ಟಿ ವಸ್ತುವೊಂದನ್ನು ತಂತಿಯ ಮೇಲೆ ಜಾರಿಸುವ ಉಪಾಯ ಒಂದಕ್ಕಿಂತ ಹೆಚ್ಚು ಕಡೆ ಹೊಳೆದಿರಬಹುದು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರ ಮಕ್ಕಳು ಗೋಡೆಗೆ ಒಂಟಿ ತಂತಿ ಬಿಗಿದು, ಅದರ ಮೇಲೆ ಬಾಟಲಿ ಸರಿಸಿ ನುಡಿಸುತ್ತಿದ್ದರು. ಅದರ ಬೇರನ್ನು ಆಫ್ರಿಕದಲ್ಲಿ ಕಾಣುವವರಿದ್ದಾರೆ. ಇನ್ನೊಂದೆಡೆ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡಿನಿಂದ ನುಡಿಸುವ ಹವಾಯಿ ಪದ್ಧತಿಯು 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ನಂತರ ಅಮೆರಿಕದಲ್ಲೆಲ್ಲ ಹುಚ್ಚೆಬ್ಬಿಸಿತು. ಮಿಸಿಸಿಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ 1903ರ ಸುಮಾರಿಗೆ ಚಾಕುವಿನಿಂದ ಗಿಟಾರ್ ನುಡಿಸುತ್ತಿದ್ದವನನ್ನು ಕಂಡ ಸಂಗತಿಯನ್ನು ಬ್ಲೂಸ್ ಸಂಯೋಜಕ ಡಬ್ಲ್ಯು. ಸಿ. ಹ್ಯಾಂಡಿ ತಮ್ಮ ಆತ್ಮಕಥೆಯಲ್ಲಿ ಬರೆದು, ಅದನ್ನು ಹವಾಯಿಯವರ ರೀತಿಗೆ ಹೋಲಿಸಿದ್ದಾರೆ. ಆದರೆ ಆ ಪುಸ್ತಕ ಬಂದದ್ದು 1941ರಲ್ಲಿ, ಹವಾಯಿ ಗಿಟಾರ್ ಮನೆಮಾತಾದ ಮೇಲೆ. ಆದ್ದರಿಂದ ಆ ಹೋಲಿಕೆಯೊಂದರಿಂದಲೇ ಮೂಲವನ್ನು ತೀರ್ಮಾನಿಸಲಾಗದು.

ಗೋಟುವಾದ್ಯಕ್ಕೂ ಬ್ಲೂಸ್‌ಗೂ ಖಚಿತವಾದ ನಂಟು ಬೇಕೆಂದರೆ ಬಹಳ ಈಚೆಗೆ ಬರಬೇಕು. ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲ್, ಮೋಹನ ವೀಣೆಯ ವಿಶ್ವಮೋಹನ ಭಟ್ ಮತ್ತು ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣೆಯ ರವಿಕಿರಣ್ ಸೇರಿ ‘ಮುಮ್ತಾಜ್ ಮಹಲ್’ ಎಂಬ ಮುದ್ರಿಕೆಯನ್ನು 1995ರಲ್ಲಿ ಹೊರತಂದರು, ಚಿತ್ರವೀಣೆಯೆಂದರೆ ಗೋಟುವಾದ್ಯವೇ. ಅದರಲ್ಲಿ ಮೆಟ್ಟುಗಳಿಲ್ಲದ ಆ ವಾದ್ಯವು ಬ್ಲೂಸ್‌ನ ಗಾಂಧಾರವನ್ನು ಮುಟ್ಟುವ ಕಡೆಗಳನ್ನು ಹುಡುಕಿ ಕೇಳಿ.